ಐರಣಿ ಸೀಮೆಯ ಗೌರಿಹುಣ್ಣಿಮೆಯೂ ಕೋಲಾಟದ ಜೋಡಿಯೂ

ತುಂಗಭದ್ರೆಯ ಎಡದಂಡೆಯ ಮೇಲಿರುವ ಐರಣಿಯು ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಕೋಟೆಯ ಊರು. ಹೊಳೆಯ ಆಚೆಗೆ ಹರಿಹರದ ಸೀಮೆ. ಬ್ರಿಟಿಷರ ಆಳ್ವಿಕೆಯಲ್ಲಿ ಈಚೆಯ ದಂಡೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೂ, ಆಚೆಯ ದಂಡೆಯು ಮೈಸೂರು ಸಂಸ್ಥಾನಕ್ಕೂ ಸೇರಿದ್ದುವು. 1956ರಲ್ಲಿ ಎರಡೂ ಒಂದೇ ರಾಜ್ಯದೊಳಗೆ ಬಂದುವು. 1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆಯು ಬೇರ್ಪಟ್ಟಿತು. ಆಡಳಿತದ ಎಲ್ಲೆಗಳು ಹೀಗೆ ಬದಲಾದರೂ ಹಬ್ಬಹುಣ್ಣಿಮೆಗಳ ಎಲ್ಲೆಗಳು ಅಷ್ಟು ಬೇಗ ಅಳಿಯುವಂಥವಲ್ಲ. ಗೌರಿಯ ಹಬ್ಬವೆಂದರೆ ಹಳೆಯ ಮೈಸೂರಿನವರಿಗೆ ಭಾದ್ರಪದ ಶುದ್ಧ ತದಿಗೆ. ಧಾರವಾಡ ಹಾವೇರಿಗಳ ಕಡೆಯವರಿಗೆ ಕಾರ್ತಿಕದ ಹುಣ್ಣಿಮೆ. ಈ ಕಡೆ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನಿಟ್ಟು ಆರತಿ ಹಿಡಿದು ಗೌರಿಯ ಬಳಿಗೆ ಹೋಗುವುದೂ, ಕೋಲು ಹೊಯ್ಯುತ್ತ ಹಾಡುವುದೂ ಈ ಹುಣ್ಣಿಮೆಯ ಕಾಲದಲ್ಲಿಯೇ. ಹೊಳೆಯೇ ಈ ಎರಡು ಪದ್ಧತಿಗಳ ನಡುವಣ ಗೆರೆಯೆಂದು ಹೇಳಲಾಗದು. ಸ್ಥೂಲವಾಗಿ ಮಾತ್ರ ಈ ಭೇದವನ್ನು ಒಪ್ಪಬೇಕು.

ಪಂಚಾಂಗದ ಸಣ್ಣ ಸಂಗತಿಯೆಂದು ತೋರುವ ಈ ಭೇದವನ್ನು ಮರೆತರೆ ಕನ್ನಡ ನಾಡಿನ ಜೋಡಿಕುಣಿತಕ್ಕೆ ಸಂಬಂಧಿಸಿದ ಒಂದು ಮುಖ್ಯ ಸಾಕ್ಷ್ಯವು ತಪ್ಪಾಗಿ ಅರ್ಥವಾಗುವ ಸಂಭವವುಂಟು. ಆ ಸಾಕ್ಷ್ಯವು ರೋಮಿನ ಪಿಯೆತ್ರೊ ದೆಲ್ಲ ವಾಲೆ ಎಂಬ ಪ್ರವಾಸಿಯದು. ಗೋವೆಯಿಂದ ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಈತನು ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ 1623ರ ನವೆಂಬರಿನಲ್ಲಿ ಇಕ್ಕೇರಿಯಲ್ಲಿದ್ದನು. ಅಲ್ಲಿಯ ಬೀದಿಯಲ್ಲಿ ಒಂದು ದಿನ ಹುಡುಗಿಯರ ಹಲವು ತಂಡಗಳು ಅವನ ಕಣ್ಣಿಗೆ ಬಿದ್ದುವು. ಚಿತ್ತಾರದ ರೇಷ್ಮೆಯನ್ನುಟ್ಟು, ಹಳದಿ ಬಿಳಿ ಹೂಗಳನ್ನು ಕಿರೀಟದಂತೆ ತಲೆಗೆ ಮುಡಿದಿದ್ದ ಅವರ ಎರಡೆರಡು ಕೈಗಳಲ್ಲಿಯೂ ಬಣ್ಣ ಬಳಿದ, ಗೇಣುದ್ದಕ್ಕೆ ಸ್ವಲ್ಪ ಹೆಚ್ಚಾದ, ದುಂಡನೆಯ ಕೋಲುಗಳು. ಮದ್ದಳೆ ಮುಂತಾದ ವಾದ್ಯಗಳ ಗತಿಗೆ ಸರಿಯಾಗಿ ಅವನ್ನು ಹೊಯ್ಯುತ್ತ ನಡೆದಿದ್ದರು. ಜಾಣೆಯೊಬ್ಬಳು ಪದದ ಒಂದು ನುಡಿಯನ್ನು ಹಾಡುವಳು. ಉಳಿದವರೆಲ್ಲರೂ ಏಳೆಂಟು ಸಲ ಒಂದೇ ಮಾತಿನಿಂದ ಉತ್ತರ ಕೊಡುವರು. ಆ ಮಾತನ್ನು ಅವನು ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡು, ಅರ್ಥ ತಿಳಿಯದು, ಸಂತೋಷವನ್ನು ಸೂಚಿಸುವ ಶಬ್ದವಿರಬೇಕು ಎಂದು ಊಹಿಸಿದನು. ಅವನು ಬರೆದುಕೊಂಡದ್ದು ‘ಕೋಲೆ’ ಎಂಬುದನ್ನು. ಕನ್ನಡಿಗನಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಅರ್ಥವರಿಯದವನು ಧ್ವನಿಯನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟಿರುವುದೇ ಆ ಬರಹದ ಬೆಲೆಯನ್ನು ಹೆಚ್ಚಿಸಿದೆ; ಅರ್ಥ ತಿಳಿದಿದ್ದರೆ ಅನುವಾದಿಸಿ ಮೂಲವನ್ನು ಕಳೆದುಬಿಡುತ್ತಿದ್ದನೋ ಏನೋ.

ಇದು ಗೌರಿಯ ಉತ್ಸವದ ಕೊನೆಗೆ ಮೂರು ದಿನ ನಡೆಯುವ ಆಚರಣೆಯೆಂದೂ, ಗೌರಿಯು ಮಹಾದೇವನ ಮಡದಿಯಾದುದರಿಂದ ಹುಡುಗಿಯರೇ ಇದನ್ನು ನಡೆಸುವರೆಂದೂ ಅವನಿಗೆ ಆಮೇಲೆ ತಿಳಿಯಿತು. ಗೌರಿಯೆಂದೊಡನೆ ಭಾದ್ರಪದದ ತದಿಗೆಯನ್ನು ನೆನೆಯುವವರಿಗೆ ಇಲ್ಲಿ ತೊಡಕು ಉಂಟಾಗುತ್ತದೆ. ಆ ವರ್ಷದ ಭಾದ್ರಪದ ತದಿಗೆಯು ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿಯೇ ಕಳೆದಿತ್ತು. ನವರಾತ್ರಿಯೂ ಅಕ್ಟೋಬರಿನ ಆರಂಭಕ್ಕೆ ಮುಗಿದಿತ್ತು. ಚಂದ್ರಗತಿಯನ್ನು ಹಿಂದಕ್ಕೆ ಎಣಿಸಿದರೆ ಕಾರ್ತಿಕದ ಹುಣ್ಣಿಮೆಯು 1623ರ ನವೆಂಬರ್ 7ರ ಸುಮಾರಿಗೆ ಬೀಳುತ್ತದೆ. ಆದುದರಿಂದ ಇಕ್ಕೇರಿಯ ಹುಡುಗಿಯರು ಆಚರಿಸುತ್ತಿದ್ದುದು ಐರಣಿಯ ಸೀಮೆಯವರು ಬಲ್ಲ ಕಾರ್ತಿಕದ ಗೌರಿಯನ್ನೇ ಎಂದು ಹೇಳಲು ಅಡ್ಡಿಯಿಲ್ಲ. ಈಗ ಬಯಲುಸೀಮೆಯ ಹಬ್ಬವೆಂದು ಎಣಿಸಲ್ಪಡುವ ಈ ಹುಣ್ಣಿಮೆಗೆ ಹದಿನೇಳನೆಯ ಶತಮಾನದಲ್ಲಿ ಮಲೆನಾಡಿನ ರಾಜಧಾನಿಯಲ್ಲಿಯೂ ಮನ್ನಣೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಈ ಪ್ರವಾಸಿಯು ಜೋಡಿಯ ಮಾತನ್ನೇ ಎತ್ತುವುದಿಲ್ಲ. ಕಾರಣ ಸರಳವಾದುದು. ಹುಡುಗಿಯರ ಹಿಂದೆ ಹೋಗಿ ನೋಡಬೇಕೆಂಬ ಆಸೆ ಅವನಿಗಿತ್ತು; ಜೊತೆಯಲ್ಲಿದ್ದ ಪೋರ್ಚುಗೀಸರಿಗೆ ಆ ಕುತೂಹಲವಿರಲಿಲ್ಲ; ಅವರನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲವೆಂದು ಅವನು ಸುಮ್ಮನಾದನು. ತಂಡಗಳು ದೊಡ್ಡ ಗುಡಿಯ ಅಂಗಳವನ್ನು ಸೇರಿ—ಅದು ಅಘೋರೇಶ್ವರನ ಗುಡಿಯೇ ಆಗಿರಬೇಕು—ಹೊತ್ತು ಮೀರುವವರೆಗೆ ಸುತ್ತುಗಟ್ಟಿ ಕುಣಿದುವೆಂಬುದು ಅವನು ಕೇಳಿ ತಿಳಿದ ಸಂಗತಿ. ಕಣ್ಣಾರೆ ಕಂಡದ್ದು ಬೀದಿಯ ನಡಿಗೆಯನ್ನು ಮಾತ್ರ.

ಈ ಕೊರತೆಯನ್ನು ಅವನಿಗಿಂತ ಎರಡು ಶತಮಾನ ಹಿಂದಿನ ಇನ್ನೊಬ್ಬ ಇಟಲಿಯವನು ತುಂಬಿಕೊಟ್ಟಿದ್ದಾನೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ದೆ ಕೊಂತಿಯ ಅನುಭವಗಳನ್ನು ಪೊಜ್ಜೊ ಬ್ರಾಚ್ಚೊಲಿನಿ ಎಂಬ ವಿದ್ವಾಂಸನು ಲ್ಯಾಟಿನಿನಲ್ಲಿ ಬರೆದಿಟ್ಟನು. ಅದರಲ್ಲಿ ಮದುವೆಯ ಕುಣಿತಗಳ ವಿಷಯವಾಗಿ, ಕೆಲವರು ತಮ್ಮ ದೇಶದವರಂತೆಯೇ ವರ್ತುಲವಾಗಿ ಕುಣಿಯುವರೆಂದೂ, ಬೇರೆ ಕೆಲವರು ಒಬ್ಬರ ಹಿಂದೊಬ್ಬರು ಸಾಲಾಗಿ ಹಾಡುತ್ತ ಬಂದು ತಿರುವಿನಲ್ಲಿ ಎದುರಾದವರೊಡನೆ ಬಣ್ಣದ ಕೋಲುಗಳನ್ನು ಬದಲಾಯಿಸಿಕೊಳ್ಳುವರೆಂದೂ, ಪ್ರತಿಯೊಬ್ಬರ ಬಳಿಯಲ್ಲಿಯೂ ಎರಡೆರಡು ಕೋಲುಗಳಿರುವುವೆಂದೂ, ಈ ನೋಟವು ಬಹಳ ಸೊಗಸೆಂದೂ ಇದೆ. ಕೋಲನ್ನೇ ಕೈಯಿಂದ ಕೈಗೆ ಕೊಟ್ಟುಕೊಳ್ಳುತ್ತಿದ್ದರೆಂದು ಅಕ್ಷರಶಃ ತಿಳಿಯಬೇಕಾಗಿಲ್ಲ. ಬದಲಾದದ್ದು ಕೋಲಿನ ಹೊಯ್ತವೆಂದರೆ ವರ್ಣನೆಯು ಇಂದಿನ ಕೋಲಾಟಕ್ಕೆ ಸರಿಯಾಗಿ ಹೊಂದುತ್ತದೆ. ಕೊಂತಿಯು ಊರನ್ನಾಗಲಿ ಪ್ರಾಂತವನ್ನಾಗಲಿ ಹೆಸರಿಸಿಲ್ಲ. ದೆಲ್ಲ ವಾಲೆಯು ಊರನ್ನೂ ಹಬ್ಬವನ್ನೂ ಪಲ್ಲವಿಯನ್ನೂ ಹೇಳಿದರೂ ಎದುರಾಳಿಯನ್ನು ಹೇಳಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಂಕ್ತಿಗಳಲ್ಲಿರುವ, ಕೋಲು ಹಿಡಿದು ಕುಣಿಯುವ ಹೆಂಗಸರು ಇವರಿಬ್ಬರ ಮಾತಿಗೂ ಒತ್ತಾಸೆಯಾಗಿದ್ದಾರೆ.

ಸಂಸ್ಕೃತ ಗ್ರಂಥಗಳಲ್ಲಿ ಇದರ ಹೆಸರು ದಂಡರಾಸಕ. ಹದಿಮೂರನೆಯ ಶತಮಾನದಲ್ಲಿ ಕಾಕತೀಯರ ಆಸ್ಥಾನದ ಜಾಯಸೇನಾಪತಿಯು ‘ನೃತ್ತರತ್ನಾವಳಿ’ಯಲ್ಲಿ ಇದನ್ನು ದೇಶೀ ನೃತ್ತಗಳೊಳಗೆ ಸೇರಿಸಿದ್ದಾನೆ. ಅದೇ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಬರುವ ‘ಕೋಹ್ಲಾಟಿಕ’ ಎಂಬ ಹೆಸರನ್ನು ಮಾತ್ರ ಕೋಲಾಟದವನೆಂದು ಭ್ರಮಿಸಬಾರದು. ಆತನು ಹಗ್ಗದ ಮೇಲೆ ನಡೆದು ಸಾಹಸ ತೋರಿಸುವ ದೊಂಬರವನು.

ಜೋಡಿಕುಣಿತವೆಂಬುದು ಪಶ್ಚಿಮದಿಂದ ಬಂದದ್ದೆಂಬ ಮಾತು ಆಗಾಗ ಕೇಳಿಬರುತ್ತದೆ. ಗಂಡೂ ಹೆಣ್ಣೂ ಒಬ್ಬರನ್ನೊಬ್ಬರು ಹಿಡಿದು ಸುತ್ತುವ ವಾಲ್ಟ್ಸ್ ಮಾದರಿಯನ್ನೇ ಜೋಡಿಯೆಂದರೆ ಆ ಮಾತು ಸರಿ. ಯೂರೋಪಿನಲ್ಲಿಯೂ ಅದು ಪ್ರಬಲವಾದದ್ದು ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ. ಅದಕ್ಕೆ ಮುಂಚೆ ಅಲ್ಲಿಯ ಹಳ್ಳಿಗಳಲ್ಲಿ ಸಾಲುಗಟ್ಟಿ ಜೊತೆಗಾರರನ್ನು ಬದಲಾಯಿಸುತ್ತ ಕುಣಿಯುವ ಪದ್ಧತಿಯಿತ್ತು. ಕೋಲಾಟದ ಜೋಡಿಯು ಈ ಎರಡನೆಯ ಜಾತಿಗೆ ಸಮೀಪವಾದುದು. ಇಲ್ಲಿ ಮೈ ಮೈಗೆ ಸೋಕುವುದಿಲ್ಲ; ಕೋಲಿಗೆ ಕೋಲು ಸೋಕುತ್ತದೆ. ಹೆಂಗಸರ ಮೇಳದಲ್ಲಿ ಜೊತೆಗಾತಿಯೂ ಹೆಂಗಸೇ. ಗಂಡಸರ ಮೇಳದಲ್ಲಿ ಗಂಡಸೇ.

ಕೋಪು ಎಂದು ಕರೆಯಲ್ಪಡುವ ಕೋಲಾಟದ ವರಸೆಗಳು ಹಲವು. ಅವುಗಳಲ್ಲಿ ಹೆಣೆದು ನಡೆಯುವ ಕೋಪನ್ನು ನೋಡಿದರೆ ಜೋಡಿಯ ಸ್ವರೂಪವು ಸ್ಪಷ್ಟವಾಗುತ್ತದೆ. ವರ್ತುಲದಲ್ಲಿ ನಿಂತವರಲ್ಲಿ ಒಬ್ಬರು ಬಿಟ್ಟು ಒಬ್ಬರು ಬಲಕ್ಕೆ ಮುಖಮಾಡುವರು, ಉಳಿದವರು ಎಡಕ್ಕೆ. ಎದುರಾದವಳ ಕೋಲಿಗೆ ಹೊಯ್ದು ಅವಳ ಒಳಮಗ್ಗುಲಿನಿಂದ ಹಾಯ್ದು, ಮುಂದಿನವಳಿಗೆ ಹೊಯ್ದು ಅವಳ ಹೊರಮಗ್ಗುಲಿನಿಂದ ಹಾಯಬೇಕು. ಜಡೆ ಕೋಲಾಟದಲ್ಲಿ ಇದೇ ನಡೆಯು ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಜಡೆಯಾಗಿ ಹೆಣೆಯುತ್ತದೆ. ದಿಕ್ಕು ತಿರುಗಿಸಿ ನಡೆದರೆ ಜಡೆ ಬಿಚ್ಚುತ್ತದೆ. ಒಬ್ಬಳು ತಪ್ಪಿದರೂ ಗಂಟು ಬೀಳುವುದರಿಂದ ಅಲ್ಲಿ ಮರೆಸುವ ಮಾತಿಲ್ಲ. ಬೆಸಸಂಖ್ಯೆಯಲ್ಲಿ ನಿಂತರೆ ಈ ಕೋಪು ಕೂಡಿಬರುವುದೇ ಇಲ್ಲ. ದೆಲ್ಲ ವಾಲೆಯು ಒಂದೊಂದು ತಂಡದಲ್ಲಿ ಎಂಟು ಇಲ್ಲವೆ ಹತ್ತು ಮಂದಿ ಇದ್ದರೆಂದಿರುವನು. ಅಂದಾಜಿನ ಮಾತಾದರೂ ಎರಡೂ ಸರಿಸಂಖ್ಯೆಗಳೆಂಬುದು ಗಮನಿಸತಕ್ಕದ್ದು. ಅವರು ಗೆಳತಿಯರು ಇಲ್ಲವೆ ನೆರೆಮನೆಯವರೆಂದೂ, ಹಿಂದಿನಿಂದ ತಾಯಂದಿರೂ ನೆಂಟರೂ ಬರುತ್ತಿದ್ದರೆಂದೂ ಅವನೇ ಬರೆದಿರುವನು. ಎಂಟು ಮಂದಿಯ ಸುತ್ತಿನಲ್ಲಿ ಒಬ್ಬಳಿಗೆ ನಾಲ್ವರು ಜೊತೆಗಾತಿಯರು ಸರದಿಯಂತೆ ಸಿಕ್ಕುವರು. ಐದನೆಯ ಹೊಯ್ತಕ್ಕೆ ಮೊದಲನೆಯವಳೇ ಮರಳಿ ಎದುರಾಗುವಳು, ಆದರೆ ಹೊರಟ ಸ್ಥಳಕ್ಕೆ ಸರಿಯಾಗಿ ವರ್ತುಲದ ಇನ್ನೊಂದು ತುದಿಯಲ್ಲಿ. ತನ್ನ ದಿಕ್ಕಿನಲ್ಲಿಯೇ ನಡೆಯುವವಳ ಕೋಲು ಮಾತ್ರ ಎಷ್ಟು ಸುತ್ತು ಹಾಕಿದರೂ ತನ್ನ ಕೋಲಿಗೆ ತಾಗುವುದಿಲ್ಲ.