ಯುದ್ಧಲಾವಣಿ

ಯುದ್ಧಲಾವಣಿ: ಕಾಳಗ ಹಾಗೂ ಯೋಧರ ಮರಣವನ್ನು ಕಥಿಸುವ ಉತ್ತರ ಕರ್ನಾಟಕದ ಜನಪದ ಕಥನಗೀತ ಪ್ರಕಾರ. ಮುಖ್ಯ ಹಾಡುಗಾರ ಕಥೆ ನಡೆಸಿದರೆ ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ದಪ್ಪು, ತುಂತುಣಿ, ತಾಳ ಇದರ ವಾದ್ಯಗಳು. ರಣಭೇರಿ, ಕಹಳೆಗಳು ದಂಡನ್ನು ಹುರಿದುಂಬಿಸಲು, ಅಪ್ಪಣೆ ಸಾರಲು ಬಳಕೆಯಾಗುತ್ತಿದ್ದುದರಿಂದ ಸೈನಿಕಸಂಗೀತವೆಂದರೆ ಧೈರ್ಯ ತುಂಬುವ ಸಾಧನವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಲಾವಣಿಯ ಕೆಲಸ ಬೇರೆ: ಅದು ಸತ್ತವನ ಹೆಸರನ್ನು ಉಳಿಸುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ವೀರಗಲ್ಲುಗಳು ಶಿಲೆಯಲ್ಲಿ ಮಾಡಿದ್ದೂ ಇದನ್ನೇ.

1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯಿದೆಗೆ ಮಣಿಯದೆ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ಊರು ಸುಡಲ್ಪಟ್ಟಿತು, ಹಲವರು ಗಲ್ಲಿಗೇರಿದರು. ಈ ಘಟನೆಯ ಲಾವಣಿಯನ್ನೂ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದನು. ಸಂಗ್ರಾಹಕ ಬ್ರಿಟಿಷ್ ಅಧಿಕಾರಿಯೇ ಆಗಿದ್ದುದು ಗಮನಾರ್ಹ.

ಕಾಳಗ ಮುಗಿದ ಮೇಲೆ ಹುಟ್ಟಿದ ಇವು ಯೋಧರ ಹಾಡುಗಳಲ್ಲವೆಂಬ ಆಕ್ಷೇಪವುಂಟು. ರಚನೆಯ ಕಾಲದ ಮಟ್ಟಿಗೆ ಅದು ಸರಿ. ಆದರೆ ಹಲಗಲಿಯ ಬೇಡರು ಸಂಬಳದ ಸಿಪಾಯಿಗಳಲ್ಲ, ಊರಲ್ಲೇ ಆಯುಧ ಹಿಡಿದಿದ್ದವರು. ಅಲ್ಲಿ ಯೋಧನನ್ನೂ ಕೇಳುಗನನ್ನೂ ಬೇರ್ಪಡಿಸುವುದು ಕಷ್ಟ. ಸತ್ತರೆ ಹಾಡಾಗುವೆನೆಂಬ ನಂಬಿಕೆಗೆ ವೀರಗಲ್ಲಿನ ಪರಂಪರೆಯಷ್ಟೇ ಹಳೆಯ ಬೇರಿದೆ. ಸರಕಾರಿ ಕಡತಗಳಲ್ಲಿ ದಂಗೆಕೋರರೆನಿಸಿದವರು ಲಾವಣಿಯಲ್ಲಿ ವೀರರು. ಆದ್ದರಿಂದ ಇದನ್ನು ಘಟನೆಯ ದಾಖಲೆಗಿಂತ ಸಮುದಾಯದ ತೀರ್ಪಿನ ದಾಖಲೆಯೆಂದು ಓದುವುದೇ ಸೂಕ್ತ.