ಎರಡು ಕೈಗಳ ಆಟ, ಒಂದು ಕೈಯ ಆಟಗಾರ: ಕಂಪ್ಯೂಟರ್ ಗೇಮ್‌ಗಳಲ್ಲಿ ಏಕಕಾಲಿಕ ಕ್ರಿಯೆಯ ಸಮಸ್ಯೆ

1980ರಲ್ಲಿ ಜಪಾನಿನ ನಾಮ್ಕೊ ಕಂಪನಿ ಹೊರತಂದ ಪ್ಯಾಕ್-ಮ್ಯಾನ್ ಒಂದೇ ಕೈ ಬೇಡುವ ಆಟ. ನಾಲ್ಕು ದಿಕ್ಕಿಗೆ ವಾಲುವ ಒಂದು ಸ್ಟಿಕ್, ಆಟ ಶುರುವಾದ ಮೇಲೆ ಒತ್ತಬೇಕಾದ ಬಟನ್ ಒಂದೂ ಇಲ್ಲ. ಇನ್ನೊಂದು ಕೈ ಜೇಬಿನಲ್ಲಿದ್ದರೂ ನಡೆಯುತ್ತಿತ್ತು. 1982ರಲ್ಲಿ ಇದೇ ಆಟ ಅಟಾರಿ 2600 ಯಂತ್ರದ ಮೂಲಕ ಅಮೆರಿಕದ ಮನೆಗಳಿಗೆ ಬಂದಾಗ ಅದಕ್ಕೆ ಎರಡು ಕೈ ಬೇಕಾಯಿತು. ಸ್ಟಿಕ್ಕೂ ಒಂದೇ, ದಿಕ್ಕುಗಳೂ ನಾಲ್ಕೇ. ವ್ಯತ್ಯಾಸವಿಷ್ಟೆ: ಆರ್ಕೇಡಿನಲ್ಲಿ ಸ್ಟಿಕ್ಕನ್ನು ಭಾರವಾದ ಪೆಟ್ಟಿಗೆ ಹಿಡಿದುಕೊಂಡಿತ್ತು, ಮನೆಯಲ್ಲಿ ಆ ಕೆಲಸ ಆಟಗಾರನ ಎಡಗೈಗೆ ಬಿತ್ತು.

ಒಂದು ಕೈಯಲ್ಲಿ ಆಡುವವರ ಸಾಧನಗಳ ಚರ್ಚೆ ಸಾಮಾನ್ಯವಾಗಿ ಬಟನ್‌ಗಳ ಲೆಕ್ಕದಿಂದ ಆರಂಭವಾಗುತ್ತದೆ. ಇಂದಿನ ಕಂಟ್ರೋಲರಿನಲ್ಲಿ ಎರಡು ಸ್ಟಿಕ್, ಹದಿನೈದಕ್ಕೂ ಹೆಚ್ಚು ಬಟನ್‌ಗಳಿವೆ. ಇವನ್ನೆಲ್ಲ ಐದು ಬೆರಳಿಗೆ ಹೊಂದಿಸುವುದು ಹೇಗೆ ಎಂದು ಕೇಳಲಾಗುತ್ತದೆ. ಪ್ಯಾಕ್-ಮ್ಯಾನ್ ಉದಾಹರಣೆ ಈ ಲೆಕ್ಕ ತಪ್ಪೆಂದು ತೋರಿಸುತ್ತದೆ. ಐದು ಬೆರಳು ಒಂದಾದ ಮೇಲೊಂದರಂತೆ ಎಷ್ಟು ಬಟನ್ ಬೇಕಾದರೂ ಒತ್ತಬಲ್ಲವು. ಅವಕ್ಕೆ ಆಗದಿರುವುದು ಎರಡು ಬೇರೆ ಕೆಲಸಗಳನ್ನು ಒಂದೇ ಗಳಿಗೆಯಲ್ಲಿ ನಡೆಸುವುದು. ಸಾಧನವನ್ನು ಹಿಡಿದುಕೊಳ್ಳುವುದೂ ಅಂಥದೊಂದು ಕೆಲಸವೇ. ಒಂದು ಕೈಯ ಆಟಗಾರನ ತೊಡಕು ಬಟನ್‌ಗಳ ಸಂಖ್ಯೆಯದಲ್ಲ, ಏಕಕಾಲಿಕತೆಯದು ಎಂಬುದು ಈ ಲೇಖನದ ವಾದ. ಯಾವ ಸಾಧನವನ್ನೇ ಅಳೆಯುವುದಾದರೂ, ಜೊತೆಜೊತೆಗೆ ನಡೆಯಬೇಕಾದ ಕ್ರಿಯೆಗಳಲ್ಲಿ ಒಂದನ್ನು ಅದು ಎಲ್ಲಿಗೆ ಸಾಗಿಸುತ್ತದೆ ಎಂದು ಕೇಳಬೇಕು.

ಎರಡು ಕೈಗಳ ಕೆಲಸ ಸಮಪಾಲಿನದಲ್ಲ ಎಂಬುದನ್ನು ಫ್ರಾನ್ಸಿನ ಸಂಶೋಧಕ ಈವ್ ಗಿಯಾರ್ 1987ರ ಪ್ರಬಂಧವೊಂದರಲ್ಲಿ ವಿವರಿಸಿದರು. ಬರೆಯುವಾಗ ಬಲಗೈ ಅಕ್ಷರ ಮೂಡಿಸುತ್ತಿದ್ದರೆ ಎಡಗೈ ಸುಮ್ಮನಿರುವುದಿಲ್ಲ. ಕಾಗದವನ್ನು ಸರಿಸುತ್ತ, ಓರೆ ಮಾಡುತ್ತ ಬಲಗೈಗೆ ನೆಲೆ ಒದಗಿಸುತ್ತದೆ. ಎಡಗೈಯ ಚಲನೆ ದೊಡ್ಡದು, ಒರಟು, ಮೊದಲು ಬರುವಂಥದು. ಬಲಗೈಯದು ಸಣ್ಣದು, ನಾಜೂಕು, ನಂತರದ್ದು. ಬಲಗೈ ಬಳಸುವ ಹೆಚ್ಚಿನವರಿಗೆ ಅನ್ವಯಿಸುವ ಈ ಮಾತನ್ನು ಗಿಯಾರ್ ಗೇಮ್‌ಗಳನ್ನು ಕಣ್ಣಮುಂದಿಟ್ಟುಕೊಂಡು ಹೇಳಿದ್ದಲ್ಲ. ಆದರೂ ಅದು ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಕಂಪ್ಯೂಟರಿನ ಶೂಟಿಂಗ್ ಆಟಗಳಲ್ಲಿ ಎಡಗೈ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲೆ ನಿಂತು ನಡೆಸುತ್ತದೆ, ಬಲಗೈ ಮೌಸ್ ಹಿಡಿದು ಗುರಿ ಇಡುತ್ತದೆ. ಈ ವಿನ್ಯಾಸ ಮೊದಲಿನಿಂದ ಇದ್ದದ್ದಲ್ಲ. 1996ರ ಕ್ವೇಕ್ ಆಟಕ್ಕೆ ಬಾಣದ ಕೀಲಿಗಳೇ ರೂಢಿ. 1997ರ ಕ್ವೇಕ್ ಪಂದ್ಯಾವಳಿಯಲ್ಲಿ ಗೆದ್ದು, ಆಟದ ನಿರ್ಮಾತೃಗಳಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನು ಬಹುಮಾನವಾಗಿ ಪಡೆದ ಡೆನಿಸ್ ಫಾಂಗ್ ಈ ನಾಲ್ಕು ಕೀಲಿಗಳನ್ನು ಜನಪ್ರಿಯಗೊಳಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. 1998ರ ಹಾಫ್-ಲೈಫ್ ಅದನ್ನೇ ಸಿದ್ಧ ವ್ಯವಸ್ಥೆಯಾಗಿ ಕೊಟ್ಟಿತು.

ಟಿವಿಗೆ ಜೋಡಿಸುವ ಗೇಮ್ ಯಂತ್ರಗಳಲ್ಲಿ ಇದೇ ಕಾಲಕ್ಕೆ ಎರಡು ಸ್ಟಿಕ್‌ಗಳು ಬಂದವು. ಸೋನಿಯ ಡ್ಯುಯಲ್‌ಶಾಕ್ 1997ರದು. ಒಂದು ಸ್ಟಿಕ್ ನಡೆಯಲು, ಇನ್ನೊಂದು ನೋಡಲು ಎಂಬ ಹಂಚಿಕೆ 2001ರ ಹೇಲೊ ಆಟದ ನಂತರ ಎಲ್ಲೆಡೆ ಒಂದೇ ಆಯಿತು. ಅದಕ್ಕೆ ಒಂದು ವರ್ಷ ಮೊದಲು ಏಲಿಯನ್ ರಿಸರೆಕ್ಷನ್ ಎಂಬ ಆಟ ಇದನ್ನೇ ಮಾಡಿದಾಗ ವಿಮರ್ಶಕರು ಗೊಣಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಇಂದು ಸಹಜವೆನಿಸುವ ಈ ಹಿಡಿತವನ್ನು ಎರಡು ಕೈ ಇದ್ದವರೂ ಕಷ್ಟಪಟ್ಟೇ ಕಲಿತರು. ಹೀಗೆ ಸುಮಾರು ಐದು ವರ್ಷಗಳ ಅವಧಿಯಲ್ಲಿ ‘ನಡೆಯುತ್ತ ನೋಡುವುದು’ ಮೂರು ಆಯಾಮದ ಆಟಗಳ ಪ್ರವೇಶ ಶುಲ್ಕವಾಯಿತು.

ಒಂದು ಕೈಯ ಸಾಧನಗಳ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ: ಮುಖ್ಯವಾದ ಕೆಲವು ಸಾಧನಗಳು ಅಂಗವಿಕಲರಿಗೆಂದು ಹುಟ್ಟಿದವಲ್ಲ. 1990ರ ದಶಕದಲ್ಲಿ ಜಪಾನಿನ ಆಸ್ಕಿ ಕಂಪನಿ ಪ್ಲೇಸ್ಟೇಷನ್‌ಗಾಗಿ ಆಸ್ಕಿ ಗ್ರಿಪ್ ಎಂಬ ಒಂದು ಕೈಯ ಕಂಟ್ರೋಲರ್ ಮಾರಿತು. ಕಥಾಪ್ರಧಾನ ಆಟಗಳನ್ನು ಗಂಟೆಗಟ್ಟಲೆ ಆಡುವವರು ಇನ್ನೊಂದು ಕೈಯಲ್ಲಿ ಮಾರ್ಗದರ್ಶಿ ಪುಸ್ತಕ ತಿರುವಿಹಾಕಲಿ, ಏನಾದರೂ ಕುಡಿಯಲಿ ಎಂಬುದು ಅದರ ಉದ್ದೇಶ. ಅದು ಕೆಲಸಕ್ಕೆ ಬಂದದ್ದು ಸಾಧನದ ಜಾಣತನದಿಂದಲ್ಲ. ಆ ಆಟಗಳು ಒಂದು ಸಲಕ್ಕೆ ಒಂದೇ ಆಜ್ಞೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದವು. 2009ರಲ್ಲಿ ರೇಜರ್ ಕಂಪನಿ ತಂದ ನಾಗಾ ಮೌಸ್‌ನದೂ ಇಂಥದೇ ಕಥೆ. ಹೆಬ್ಬೆರಳಿನ ಪಕ್ಕದಲ್ಲಿ ಹನ್ನೆರಡು ಬಟನ್ ಇರುವ ಈ ಮೌಸ್ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳ ಮಂತ್ರ, ಅಸ್ತ್ರಗಳ ಉದ್ದನೆಯ ಸಾಲಿಗಾಗಿ ಬಂದದ್ದು. ಆ ಆಟದಲ್ಲಿ ಮೌಸ್‌ನ ಎರಡೂ ಮುಖ್ಯ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಪಾತ್ರ ಮುಂದಕ್ಕೆ ಓಡುತ್ತದೆ, ಕೈ ತಿರುಗಿಸಿದತ್ತ ತಿರುಗುತ್ತದೆ. ಓಟ, ನೋಟ, ಅಸ್ತ್ರ ಮೂರೂ ಒಂದೇ ಕೈಗೆ ಬಂದಂತಾಯಿತು. ಕೀಬೋರ್ಡ್ ಇಲ್ಲದೆಯೇ ಆಟದ ಬಹುಪಾಲು ನಡೆಯುತ್ತದೆ.

ಒಂದೇ ಕೈಯ ಸುಮ್ಮನಿದ್ದ ಬೆರಳುಗಳಿಗೆ ಕೆಲಸ ಹಂಚುವ ಈ ದಾರಿಗೆ ಮಿತಿಯಿದೆ. ಹೆಬ್ಬೆರಳು ಬಟನ್ ಒತ್ತುವಾಗ ಅದರ ಒತ್ತಡಕ್ಕೇ ಮೌಸ್ ಅಲುಗಿ ಗುರಿ ತಪ್ಪುತ್ತದೆ. ಉಳಿದಿರುವುದೇ ಒಂದು ಕೈ ಎಂದಾಗ ಅದೇ ಉಣ್ಣುವ, ಬರೆಯುವ, ಬಸ್ಸಿನ ಕಂಬಿ ಹಿಡಿಯುವ ಕೈ ಕೂಡ. ಆಟದ ಹೊರೆಯೆಲ್ಲ ಅದರ ಮೇಲೆ ಬಿದ್ದು ಸ್ನಾಯು ನೋವು ಬಂದರೆ ಇಡೀ ದಿನಚರಿಯೇ ಕುಂಟುತ್ತದೆ. ಆಟ ಮುಗಿಸಿದ ಮೇಲೆ ಆ ಕೈ ಹೇಗಿದೆ ಎಂದು ಕಂಟ್ರೋಲರ್ ವಿಮರ್ಶೆಗಳು ಕೇಳುವುದು ಅಪರೂಪ.

ಇನ್ನೊಂದು ದಾರಿ ಕೆಲಸವನ್ನು ಕೈಯಿಂದ ದೇಹದ ಬೇರೆ ಭಾಗಕ್ಕೆ ಕಳಿಸುವುದು. ನಿಂಟೆಂಡೊ 1989ರಲ್ಲಿ ಹ್ಯಾಂಡ್ಸ್ ಫ್ರೀ ಎಂಬ ಸಾಧನ ತಂದಿತ್ತು. ಎದೆಗೆ ಕಟ್ಟಿಕೊಳ್ಳುವ ಈ ಸಾಧನದಲ್ಲಿ ಗದ್ದದಿಂದ ಸ್ಟಿಕ್, ಕೊಳವೆಗೆ ಊದಿ ಇಲ್ಲವೇ ಹೀರಿ ಬಟನ್. ಅಕಾಕಿ ಕೂಮೆರಿ ಇತ್ತೀಚೆಗೆ ರೂಪಿಸಿದ 3ಡಿ ಮುದ್ರಿತ ಜೋಡಣೆಗಳು ಇನ್ನೂ ಸರಳ: ಮಾಮೂಲಿ ಕಂಟ್ರೋಲರಿಗೇ ಅವನ್ನು ಸಿಕ್ಕಿಸಬೇಕು. ಕೈಗೆಟುಕದ ಸ್ಟಿಕ್ಕಿನ ತುದಿ ತೊಡೆಗೆ ಅಂಟಿ ನಿಲ್ಲುತ್ತದೆ. ಇಡೀ ಕಂಟ್ರೋಲರನ್ನು ಅತ್ತಿತ್ತ ವಾಲಿಸಿದರೆ ಆ ಸ್ಟಿಕ್ ತಾನಾಗಿ ತಿರುಗುತ್ತದೆ. ಬೆರಳುಗಳು ಒಂದು ಸ್ಟಿಕ್ಕನ್ನು, ಮಣಿಕಟ್ಟು ಇನ್ನೊಂದನ್ನು ಆಡಿಸುತ್ತವೆ. ವಿದ್ಯುತ್ತಿನ ಭಾಗ ಒಂದೂ ಹೆಚ್ಚುವರಿಯಾಗಿ ಇಲ್ಲದ ಈ ಪರಿಹಾರ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಚೆಲುವಾದ ಯಂತ್ರವಿನ್ಯಾಸ.

ಮೈಕ್ರೊಸಾಫ್ಟ್ 2018ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಕಂಟ್ರೋಲರಿಗಿಂತ ಹೆಚ್ಚಾಗಿ ಒಂದು ಜಂಕ್ಷನ್ ಬಾಕ್ಸ್. ಮೇಲೆ ಎರಡು ದೊಡ್ಡ ಬಟನ್, ಹಿಂದೆ 3.5 ಮಿಲಿಮೀಟರಿನ 19 ಜ್ಯಾಕ್, ಅಕ್ಕಪಕ್ಕದಲ್ಲಿ ಎರಡು ಯುಎಸ್‌ಬಿ ಕಿಂಡಿ. ಸಾಮಾನ್ಯ ಕಂಟ್ರೋಲರಿನ ಒಂದೊಂದು ಬಟನ್ನಿಗೂ ಒಂದೊಂದು ಜ್ಯಾಕ್. ಅಲ್ಲಿಗೆ ಕಾಲಿನ ಪೆಡಲ್, ಮೊಣಕೈಯ ಬಟನ್, ಏನನ್ನಾದರೂ ಚುಚ್ಚಬಹುದು. ಪುನರ್ವಸತಿ ಕೇಂದ್ರಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಸ್ವಿಚ್‌ಗಳಿಗೂ ಇದೇ 3.5 ಮಿಲಿಮೀಟರಿನ ಪಿನ್ ಇದ್ದದ್ದರಿಂದ ಹಳೆಯ ಸಾಮಾನು ಹೊಸ ಆಟಕ್ಕೆ ಒದಗಿತು. ಬೆಲೆ 99.99 ಡಾಲರ್, ಆದರೆ ಆ ಹಣಕ್ಕೆ ಸಿಗುವುದು ಪೆಟ್ಟಿಗೆ ಮಾತ್ರ. ಸ್ಟಿಕ್ ಬೇರೆ, ಬಟನ್‌ಗಳು ಬೇರೆ, ಅವನ್ನು ಮೇಜಿಗೋ ಗಾಲಿಕುರ್ಚಿಗೋ ಬಿಗಿಯುವ ಸ್ಟ್ಯಾಂಡ್ ಬೇರೆ. 2023ರ ಡಿಸೆಂಬರಿನಲ್ಲಿ ಬಂದ ಸೋನಿಯ ಆಕ್ಸೆಸ್ ಕಂಟ್ರೋಲರಿನಲ್ಲಿ ಬಟನ್‌ಗಳು ವೃತ್ತಾಕಾರದಲ್ಲಿವೆ, ಒಂದು ಸ್ಟಿಕ್ ಇದೆ. ಮೇಜಿನ ಮೇಲೆ ಯಾವ ದಿಕ್ಕಿಗಾದರೂ ತಿರುಗಿಸಿ ಇಡಬಹುದಾದ್ದರಿಂದ ಎಡಗೈ, ಬಲಗೈ ಎಂಬ ಭೇದ ಅದಕ್ಕಿಲ್ಲ. ಮುಖ್ಯ ಸಂಗತಿಯೆಂದರೆ ಅದನ್ನು ಯಾರೂ ಹಿಡಿದುಕೊಳ್ಳಬೇಕಿಲ್ಲ.

ಏಕಕಾಲಿಕತೆಯನ್ನು ಇನ್ನೊಂದು ಅಂಗಕ್ಕೆ ಸಾಗಿಸುವ ಬದಲು ಕರಗಿಸಿಬಿಡುವುದೂ ಸಾಧ್ಯ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಪರದೆಯ ಮೇಲೆ ಎದ್ದುಬರುವ ಸ್ಟಿಕಿ ಕೀಸ್ ಪೆಟ್ಟಿಗೆಯನ್ನು ಆಟದ ನಡುವೆ ಶಪಿಸದ ಕಂಪ್ಯೂಟರ್ ಆಟಗಾರರು ಕಡಿಮೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದ ಕೆಲಸದಿಂದ ಬಂದು ವಿಂಡೋಸ್ 95ರಲ್ಲಿ ಸೇರಿಕೊಂಡ ಆ ಸೌಲಭ್ಯ ‘ಒಟ್ಟಿಗೆ ಒತ್ತು’ ಎಂಬುದನ್ನು ‘ಒಂದಾದ ಮೇಲೊಂದು ಒತ್ತು’ ಎಂದು ಬದಲಿಸುತ್ತದೆ. ಗುರಿಯಿಡುವ ಬಟನ್ನನ್ನು ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿ ಬಿಟ್ಟರೆ ಸಾಕು ಎನ್ನುವ ಈಗಿನ ಆಟಗಳ ಆಯ್ಕೆ ಇದೇ ತತ್ವದ್ದು. ಟೈಪಿಂಗ್ ಕ್ಷೇತ್ರದಲ್ಲಿ ಎಡ್ಗರ್ ಮಟಾಯಸ್ ಮತ್ತು ಸಂಗಡಿಗರು 1993ರಲ್ಲಿ ವರದಿ ಮಾಡಿದ ಹಾಫ್-ಕ್ವರ್ಟಿ ಪ್ರಯೋಗ ಇಲ್ಲಿ ಪ್ರಸ್ತುತ. ಅರ್ಧ ಕೀಬೋರ್ಡಿನ ಮೇಲೆ ಕೈ ಇಟ್ಟು ಸ್ಪೇಸ್‌ಬಾರ್ ಒತ್ತಿ ಹಿಡಿದರೆ ಉಳಿದರ್ಧ ಕನ್ನಡಿಯ ಪ್ರತಿಬಿಂಬದಂತೆ ಅದೇ ಬೆರಳುಗಳಡಿ ಬರುತ್ತದೆ. ಹತ್ತು ಗಂಟೆಗಳ ಅಭ್ಯಾಸದ ನಂತರ ಭಾಗವಹಿಸಿದವರು ತಮ್ಮ ಎರಡು ಕೈಗಳ ವೇಗದ ಶೇ. 41ರಿಂದ 73ರವರೆಗೆ ತಲುಪಿದರು. ಪತ್ರ ಬರೆಯಲು ಇಷ್ಟು ಸಾಕು. ಅರ್ಧ ಸೆಕೆಂಡಿನಲ್ಲಿ ಗೆಲುವು ಸೋಲು ತೀರ್ಮಾನವಾಗುವ ಆಟಕ್ಕೆ ಸಾಲದು. ಅಲ್ಲಿ ಕಾಲವನ್ನೇ ನಿಧಾನಗೊಳಿಸಬೇಕಾಗುತ್ತದೆ. 2018ರ ಸೆಲೆಸ್ಟ್ ಆಟದ ಅಸಿಸ್ಟ್ ಮೋಡ್ ಆಟದ ವೇಗ ತಗ್ಗಿಸಲು ಬಿಡುತ್ತದೆ. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಟನ್‌ಗಳನ್ನೆಲ್ಲ ಬೇಕಾದಂತೆ ಹಂಚಿಕೊಳ್ಳಲು ಬಿಟ್ಟದ್ದಲ್ಲದೆ, ಎಡಗೈ ಮಾತ್ರ, ಬಲಗೈ ಮಾತ್ರ ಎಂಬ ಸಿದ್ಧ ವ್ಯವಸ್ಥೆಗಳನ್ನೂ ಕೊಟ್ಟಿತು. ಎಕ್ಸ್‌ಬಾಕ್ಸ್ 2017ರಲ್ಲಿ ತಂದ ಕೋಪೈಲಟ್ ಮತ್ತೊಂದು ಬಗೆಯದು: ಎರಡು ಕಂಟ್ರೋಲರ್ ಸೇರಿ ಒಂದಾಗುತ್ತವೆ, ಅಣ್ಣ ನಡೆಸಿದರೆ ತಂಗಿ ಗುರಿ ಇಡಬಹುದು.

‘ಒಂದು ಕೈ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕೈ ಕಳೆದುಕೊಂಡವರ, ಹುಟ್ಟಿನಿಂದಲೇ ಕೈ ಇಲ್ಲದವರ ಸ್ಥಿತಿ ಒಂದು. ಲಕ್ವ ಹೊಡೆದು ಅಥವಾ ಸೆರೆಬ್ರಲ್ ಪಾಲ್ಸಿಯಿಂದ ಒಂದು ಬದಿ ದುರ್ಬಲವಾದವರದು ಬೇರೆ. ಬೈಕ್ ಅಪಘಾತದಲ್ಲಿ ಭುಜದ ನರಜಾಲ ಹರಿದವರಿಗೆ ಕೈ ಇದ್ದೂ ಅದು ಜೋತುಬೀಳುತ್ತದೆ. ದುರ್ಬಲ ಕೈಯ ಮುಷ್ಟಿಗೆ ದೊಡ್ಡ ಬಟನ್ ಒಂದನ್ನು ಅದುಮುವ ಶಕ್ತಿ ಉಳಿದಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ, ಏಕೆಂದರೆ ಸಮಾನಾಂತರವಾಗಿ ನಡೆಯುವ ಒಂದೇ ಒಂದು ಕ್ರಿಯೆಯ ಬೆಲೆ ಸರದಿಯಲ್ಲಿ ನಡೆಯುವ ಹತ್ತು ಕ್ರಿಯೆಗಳಿಗಿಂತ ದೊಡ್ಡದು. ಇಲ್ಲೊಂದು ವೈದ್ಯಕೀಯ ಬಿಕ್ಕಟ್ಟೂ ಇದೆ. ಎಡ್ವರ್ಡ್ ಟಾಬ್ ಬೆಳೆಸಿದ ಚಿಕಿತ್ಸಾಕ್ರಮದಲ್ಲಿ ಗಟ್ಟಿ ಕೈಯನ್ನು ಕಟ್ಟಿಹಾಕಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಲಕ್ವಕ್ಕೊಳಗಾದ 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನ ಅದರ ಪ್ರಯೋಜನವನ್ನು ತೋರಿಸಿತು. ಆ ಕ್ರಮದ ಕಣ್ಣಿಗೆ ಒಂದು ಕೈಯ ಕಂಟ್ರೋಲರ್ ಸೋಮಾರಿತನಕ್ಕೆ ಕೊಟ್ಟ ಸವಲತ್ತಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಸಂಜೆ ಗೆಳೆಯರೊಡನೆ ಆಡಲು ಕೂತವನು ಚಿಕಿತ್ಸೆಗೆ ಕೂತವನಲ್ಲ. ಆಟವನ್ನು ವ್ಯಾಯಾಮದ ನೆಪವಾಗಿ ಮಾತ್ರ ಒಪ್ಪುವ ಪುನರ್ವಸತಿ ದೃಷ್ಟಿ ಆಡುವವನ ಇಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸ್ಪರ್ಧೆಯ ನಿಯಮಗಳು ಬಂದಾಗ ವಿಷಯ ಬಿಗಿಯಾಗುತ್ತದೆ. 2024ರ ಆಗಸ್ಟಿನಲ್ಲಿ ವಾಲ್ವ್ ಕಂಪನಿ ಕೌಂಟರ್-ಸ್ಟ್ರೈಕ್ 2 ಆಟದ ಅಧಿಕೃತ ಸರ್ವರ್‌ಗಳಲ್ಲಿ ಒಂದು ಕೀಲಿಗೆ ಹಲವು ಕ್ರಿಯೆಗಳನ್ನು ಕಟ್ಟುವುದನ್ನು ನಿಷೇಧಿಸಿತು. ಜಿಗಿಯುತ್ತಲೇ ಗ್ರೆನೇಡ್ ಎಸೆಯುವುದನ್ನು ಒಂದೇ ಒತ್ತಿಗೆ ಮಾಡಿಸುವ ವ್ಯವಸ್ಥೆಯೂ ಅದರಲ್ಲಿ ಸೇರಿತು. ಎರಡು ಕೈ ಇರುವವನಿಗೆ ಅದು ಅನ್ಯಾಯದ ಲಾಭ, ಸರಿ. ಒಂದು ಕೈಯವನಿಗೆ ಅದು ಉಳಿದವರ ಸಾಲಿಗೆ ಬಂದು ನಿಲ್ಲುವ ಉಪಾಯ. ನಿಯಮ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. 2023ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಅನಧಿಕೃತ ಉಪಕರಣಗಳನ್ನು ತಡೆಯತೊಡಗಿದಾಗಲೂ ಅಂಗವಿಕಲ ಆಟಗಾರರಿಂದ ಆಕ್ಷೇಪ ಬಂತು. ಮೋಸಗಾರರು ಬಳಸುವ ಪರಿವರ್ತಕಗಳನ್ನು ಗುರಿಯಾಗಿಸಿದ ಬಲೆಗೆ ಸಣ್ಣ ತಯಾರಕರ ಸಹಾಯಕ ಸಾಧನಗಳೂ ಬೀಳುತ್ತವೆ ಎಂಬುದು ಅವರ ಅಳಲು.

ಭಾರತದಲ್ಲಿ ಪ್ರಶ್ನೆಯ ಆಕಾರವೇ ಬೇರೆ, ಏಕೆಂದರೆ ಇಲ್ಲಿ ಹೆಚ್ಚಿನ ಆಟ ಮೊಬೈಲಿನಲ್ಲಿ. ಬಿಜಿಎಂಐನಂಥ ಶೂಟಿಂಗ್ ಆಟಕ್ಕೆ ಫೋನನ್ನು ಅಡ್ಡ ಹಿಡಿದು ಎರಡು ಹೆಬ್ಬೆರಳು ಆಡಿಸಬೇಕು. ಪಳಗಿದವರು ತೋರುಬೆರಳುಗಳನ್ನೂ ಪರದೆಯ ಮೇಲೆ ತರುತ್ತಾರೆ. ಅಟಾರಿ ಸ್ಟಿಕ್ಕಿನ ತೊಡಕು ಇಲ್ಲಿ ಮರಳಿ ಬಂದಿದೆ: ಹಿಡಿಯಲೊಂದು ಕೈ ಬೇಕು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರೆ ಕೈ ಬಿಡುಗಡೆಯಾಗುತ್ತದೆ, ಆದರೆ ಫೋನ್ ವಾಲಿಸಿ ಗುರಿಯಿಡುವ ಜೈರೊ ಸೌಲಭ್ಯ ಹೋಗುತ್ತದೆ. ಕಾಲ್ ಆಫ್ ಡ್ಯೂಟಿ ಮೊಬೈಲ್‌ನ ಸಿಂಪಲ್ ಮೋಡ್‌ನಲ್ಲಿ ಗುರಿ ಶತ್ರುವಿನ ಮೇಲೆ ಬಿದ್ದಾಗ ಗುಂಡು ತಾನೇ ಹಾರುತ್ತದೆ. ಹೊಸಬರಿಗೆಂದು ಇಟ್ಟ ಈ ಆಯ್ಕೆ ಒಂದು ಕೈಯವರಿಗೆ ಯಾವ ದುಬಾರಿ ಸಾಧನಕ್ಕಿಂತಲೂ ಹೆಚ್ಚು ಉಪಯುಕ್ತ. ಆಟದ ಸೆಟ್ಟಿಂಗ್ ಪುಟವೇ ಇಲ್ಲಿ ಮುಖ್ಯ ಸಹಾಯಕ ಸಾಧನ ಎಂದರೆ ಉತ್ಪ್ರೇಕ್ಷೆಯಾಗದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು; ಅವರಲ್ಲಿ ಸುಮಾರು 54 ಲಕ್ಷ ಜನರದು ಚಲನೆಗೆ ಸಂಬಂಧಿಸಿದ ವೈಕಲ್ಯ. ಅದರೊಳಗೆ ಕೈ, ಕಾಲುಗಳ ವಿಂಗಡಣೆಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೇ ಸೆಕ್ಷನ್ ಮಾತ್ರ ಗಮನಿಸತಕ್ಕದ್ದು. ಮನರಂಜನೆಯಲ್ಲಿ ಪಾಲ್ಗೊಳ್ಳಲು ಬೇಕಾದ ತಂತ್ರಜ್ಞಾನ ಮತ್ತು ಸಹಾಯಕ ಸಾಧನಗಳ ಅಭಿವೃದ್ಧಿಯನ್ನು ಅದು ಸರ್ಕಾರದ ಕರ್ತವ್ಯಗಳ ಸಾಲಿಗೆ ಸೇರಿಸಿದೆ. ಗಾಲಿಕುರ್ಚಿ, ಶ್ರವಣಸಾಧನಗಳ ಹಂಚಿಕೆಯ ಸುದ್ದಿ ಓದುವ ನಮಗೆ ಕಾನೂನು ಆಟದವರೆಗೂ ಹೋಗಿದೆ ಎಂಬುದು ತಟ್ಟನೆ ಹೊಳೆಯುವುದಿಲ್ಲ.

ತಾಂತ್ರಿಕವಾಗಿ ಇಂಥ ಸಾಧನ ಕಟ್ಟುವ ಕೆಲಸ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ವ್ಯಾಪ್ತಿಯೊಳಗಿನದೇ. ಆರ್ಕೇಡ್ ಬಟನ್ ಎಂದರೆ ಎರಡು ತಂತಿ ಕೂಡಿಸುವ ಸ್ವಿಚ್; ಆರ್ಡ್ಯುನೊ ಲಿಯೊನಾರ್ಡೊ ಮಾದರಿಯ ಬೋರ್ಡನ್ನು ಕಂಪ್ಯೂಟರ್ ಕೀಬೋರ್ಡ್ ಅಥವಾ ಜಾಯ್‌ಸ್ಟಿಕ್ ಎಂದೇ ಗುರುತಿಸುತ್ತದೆ. ಒಮ್ಮೆ ಒತ್ತಿದ್ದನ್ನು ಹಿಡಿದಿಡುವುದನ್ನು ಬೋರ್ಡಿನ ಕೆಲವೇ ಸಾಲುಗಳ ಪ್ರೋಗ್ರಾಮಿನಿಂದ ಮಾಡಿಸಬಹುದು. ಕಷ್ಟವಿರುವುದು ಯಾರ ಯಾವ ಅಂಗಕ್ಕೆ ಯಾವ ಬಟನ್, ಎಷ್ಟು ಎತ್ತರದಲ್ಲಿ, ಎಷ್ಟು ಒತ್ತಡಕ್ಕೆ ಎಂಬ ನಿರ್ಧಾರದಲ್ಲಿ. ಬ್ರಿಟನ್ನಿನಲ್ಲಿ 2007ರಲ್ಲಿ ಮಿಕ್ ಡೊನೆಗನ್ ಸ್ಥಾಪಿಸಿದ ಸ್ಪೆಷಲ್‌ಎಫೆಕ್ಟ್ ಸಂಸ್ಥೆಯಲ್ಲಿ ಆ ನಿರ್ಧಾರ ಆಕ್ಯುಪೇಷನಲ್ ಥೆರಪಿಸ್ಟರ ಕೈಯಲ್ಲಿದೆ. ಅವರು ಆಟಗಾರನನ್ನು ಕೂರಿಸಿ ನೋಡಿ, ಸಾಧನಗಳನ್ನು ಎರವಲು ಕೊಟ್ಟು, ಹೊಂದದಿದ್ದರೆ ಬದಲಿಸುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು, ಅನ್ನ ಕಲಸಲು ಬರುತ್ತದೆಯೇ ಎಂದು ಕೇಳುವ ಥೆರಪಿಸ್ಟ್ ಅದೇ ಸರದಿಯಲ್ಲಿ ‘ಯಾವ ಗೇಮ್ ಆಡುತ್ತಿದ್ದಿರಿ?’ ಎಂದೂ ಕೇಳುವಂತಾದರೆ, ಎಸ್‌.ಪಿ. ರಸ್ತೆಯಿಂದ ಏನು ತರಬೇಕೆಂಬ ಪಟ್ಟಿ ಆ ಉತ್ತರದಿಂದಲೇ ತಯಾರಾಗುತ್ತದೆ.