ಹಿರಿಯರು ಯಾರನ್ನು ಕೇಳುತ್ತಿದ್ದರು?

ಧರ್ಮಸಂಕಟ ಬಂದಾಗ ಕಿರಿಯರು ಮನೆಯ ಹಿರಿಯರನ್ನು ಕೇಳುವುದು ರೂಢಿ. ಆ ಹಿರಿಯರಿಗೇ ಸಂಕಟ ಬಂದರೆ? ಮಕ್ಕಳಿಗೆ ಆಸ್ತಿ ಹಂಚುವ ಮಾತಿರಬಹುದು, ಮುನಿದು ದೂರವಾದ ತಮ್ಮನನ್ನು ಮರಳಿ ಕರೆಯುವ ಮಾತಿರಬಹುದು. ಬಿ.ಎ. ತರಗತಿಯಲ್ಲಿ ಅರಸರ ವಂಶಾವಳಿಗಳನ್ನು ಕಂಠಪಾಠ ಮಾಡಿದ ನಾನು ಈ ಪ್ರಶ್ನೆಯನ್ನು ಯಾವ ಪಠ್ಯದಲ್ಲಿಯೂ ಕಾಣಲಿಲ್ಲ. ಬಹ್ರೈನಿನ ಗುಫೂಲ್‌ನಲ್ಲಿ ಸಂಸಾರ ಹೂಡಿ, ಮಕ್ಕಳ ಮನೆಗೆಂದು ನಾಡಿನ ನಾನಾ ಕಡೆಗಳಿಂದ ಬರುವ ವೃದ್ಧರ ಒಡನಾಟ ದೊರೆತ ಮೇಲೆ ಅದು ನನ್ನನ್ನು ಕಾಡತೊಡಗಿತು.

ಉತ್ತರ ಕರ್ನಾಟಕದವರಿಗೆ ಮಠವೇ ಆಸರೆ. ಶ್ರಾವಣ ಬಂದರೆ ಅಲ್ಲಿ ‘ಪುರಾಣ ಹಚ್ಚು’ತ್ತಾರೆ, ಚಾಮರಸನ ಪ್ರಭುಲಿಂಗಲೀಲೆಯೋ ಭೀಮಕವಿಯ ಬಸವಪುರಾಣವೋ ದಿನಗಟ್ಟಲೆ ನಡೆಯುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢರು 1929ರಲ್ಲಿ ದೇಹ ಬಿಟ್ಟ ಬಳಿಕವೂ ಅವರ ಮಠಕ್ಕೆ ಜಾತಿಭೇದವಿಲ್ಲದೆ ಜನ ಬರುವುದು ನಿಂತಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೂ ಅವರ ಪ್ರವಚನಕ್ಕಾಗಿ ನಸುಕಿನಲ್ಲೇ ಎದ್ದು ಹೋಗುವವರು ಅಸಂಖ್ಯ.

ಹಳೆಯ ಮೈಸೂರು ಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ಗಮಕವಿತ್ತು. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುವರು. ಅವರೆಕಾಯಿ ಸುಲಿಯುತ್ತ ಕೇಳಿದ ಅಜ್ಜಿಯರೂ ಭಾರತವನ್ನು ಬಲ್ಲವರೇ. ಶಿವಮೊಗ್ಗೆಯ ಬಳಿಯ ಹೊಸಹಳ್ಳಿ ಇಂದಿಗೂ ಗಮಕಕ್ಕೆ ಹೆಸರಾದ ಊರು. 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗವನ್ನು ಒಂಟಿಯಾಗಿ ಓದಬಹುದಾದರೂ ಅದು ಬೇರೂರಿದ್ದು ನಾಲ್ವರು ಕೂಡಿ ಅರ್ಥ ಹೇಳಿಕೊಂಡಾಗಲೇ.

ಕರಾವಳಿಯ ದಾರಿ ಬೇರೆ. ನಾನು ಆ ಕಡೆಯವಳಾದುದರಿಂದ ತುಸು ಪಕ್ಷಪಾತವನ್ನು ಓದುಗರು ಮನ್ನಿಸಬೇಕು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ವಾದಿಸುತ್ತಾರೆ. ಮಾತು ಆ ಕ್ಷಣದಲ್ಲಿ ಹುಟ್ಟಿದ್ದು. ಕಾಸರಗೋಡು ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆ ರಾಮನ ಪಾತ್ರಧಾರಿಗೆ ಸುಲಭದ ಬಿಡುಗಡೆಯಿರಲಿಲ್ಲ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ? ಮಠದಲ್ಲಿ ಉಪದೇಶ ದೊರೆಯುತ್ತದೆ, ಇಲ್ಲಿ ಆಕ್ಷೇಪಕ್ಕೂ ಆಸನವುಂಟು. ದೇವರನ್ನೇ ಪ್ರಶ್ನಿಸುವುದನ್ನು ಕೇಳಿ ಬಂದವನು ತನ್ನ ಅಣ್ಣತಮ್ಮಂದಿರ ವ್ಯಾಜ್ಯವನ್ನು ಎರಡೂ ಕಡೆಯಿಂದ ನೋಡಬಲ್ಲನೆಂದು ನನ್ನ ನಂಬಿಕೆ.

ಬಹ್ರೈನಿನಲ್ಲಿ ಈ ವೃದ್ಧರಿಗೆ ಏನುಂಟು? ಠಟ್ಟಾ ಮೂಲದ ಭಾಟಿಯಾ ವರ್ತಕರು ಮನಾಮದಲ್ಲಿ ಕಟ್ಟಿದ ಶ್ರೀನಾಥಜಿ ದೇವಾಲಯಕ್ಕೆ ಇನ್ನೂರು ವರ್ಷಗಳು ಕಳೆದಿವೆ. ಅಲ್ಲಿ ದರ್ಶನ ಲಭಿಸುತ್ತದೆ, ಮನಸ್ಸು ತೋಡಿಕೊಳ್ಳಲು ಭಾಷೆ ಬೇರೆ. ಬ್ಯಾರಿ ಹಿರಿಯರು ಶುಕ್ರವಾರದ ನಮಾಜಿನ ನಂತರ ತಮ್ಮವರೊಡನೆ ನಾಲ್ಕು ಮಾತಾಡಿ ಬರುತ್ತಾರೆ. ಮಿಕ್ಕವರು ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಮೊಬೈಲಿನ ಪ್ರವಚನವನ್ನು ಆಲಿಸುತ್ತಾರೆ. ಮಾತು ಉತ್ತಮವೇ. ಆದರೆ ‘ಸ್ವಾಮೀ, ನನ್ನ ಮನೆಯಲ್ಲಿ ಹೀಗಾಗಿದೆ’ ಎಂದರೆ ಆ ಮೊಬೈಲು ಕೇಳಿಸಿಕೊಳ್ಳದು. ಪಕ್ಕದಲ್ಲಿ ಕುಳಿತು ತಲೆಯಾಡಿಸುವವರೂ ಇಲ್ಲ.

1977ರಲ್ಲಿ ಸ್ಥಾಪಿತವಾದ ಬಹ್ರೈನ್ ಕನ್ನಡ ಸಂಘವು ಯಕ್ಷಗಾನವನ್ನು ಈ ಮರಳುನಾಡಿನಲ್ಲಿ ಬಾಳಿಸಿರುವುದು ನಮ್ಮ ಪುಣ್ಯ. ತಾಳಮದ್ದಳೆಗಾದರೋ ರಂಗಸ್ಥಳವೂ ಬೇಡ, ಒಂದು ಹಜಾರ ಸಾಕು. ಒಂದು ಶುಕ್ರವಾರ ಗುಫೂಲ್‌ನ ಪರಿಚಿತರೊಬ್ಬರ ಮನೆಯಲ್ಲಿ ‘ವಾಲಿವಧೆ’ಯನ್ನು ಇಟ್ಟುಕೊಂಡಿದ್ದೆವು. ವಿಜಯಪುರದ ಕಡೆಯ ಅಜ್ಜಿಯೊಬ್ಬರಿಗೆ ತಾಳಮದ್ದಳೆ ಅದೇ ಮೊದಲು. ಮುಗಿದ ಮೇಲೆ ಅವರು, “ಮರೀಲೆ ನಿಂತು ಹೊಡದದ್ದು ಹ್ಯಾಂಗ ಸರಿ ಆಗ್ತದರಿ?” ಎಂದರು. ಉಡುಪಿಯ ಹಿರಿಯರು, “ತಮ್ಮನ ಹೆಂಡತಿಯನ್ನು ಇಟ್ಟುಕೊಂಡವ ನ್ಯಾಯ ಕೇಳುವುದು ಹೇಗೆ ಅಮ್ಮ?” ಎಂದರು. ಲಿಫ್ಟು ಬಂತು, ಬಾಗಿಲು ತೆರೆದು ಮುಚ್ಚಿತು. ಇಬ್ಬರೂ ಹತ್ತಲಿಲ್ಲ.